ಆದೇಶ ಬಂದ ಮೇಲೆ: ನ್ಯಾಯಾಲಯದ ಮಾತು ಜಾರಿಯಾಗುವ ದಾರಿ

1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಸುಮಾರು ಐದು ವರ್ಷದ ಮೇಲೆ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ವಜಾ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ ಎಂಬ ನಿಯಮ ಅಂದಿನಿಂದ ದೇಶದಲ್ಲಿ ಗಟ್ಟಿಯಾಯಿತು. ಆದರೆ ಬೊಮ್ಮಾಯಿ ಸರ್ಕಾರ ಮರಳಲಿಲ್ಲ. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರ ಬಂದಾಗಿತ್ತು.

2018ರ ಮೇ ತಿಂಗಳಲ್ಲಿ ಇದೇ ರಾಜ್ಯದ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 16ರ ನಡುರಾತ್ರಿ ದಾಟಿ 17ರ ಬೆಳಗಿನ ಜಾವದವರೆಗೆ ವಿಚಾರಣೆ ನಡೆಯಿತು. ಬಹುಮತ ಸಾಬೀತಿಗೆ ರಾಜ್ಯಪಾಲರು ಹೊಸ ಮುಖ್ಯಮಂತ್ರಿಗೆ 15 ದಿನ ಕೊಟ್ಟಿದ್ದರು. ಮೇ 18ರಂದು ನ್ಯಾಯಾಲಯವು ಮರುದಿನ ಸಂಜೆ 4 ಗಂಟೆಗೇ ವಿಶ್ವಾಸಮತ ನಡೆಯಲಿ ಎಂದು ಆದೇಶಿಸಿತು. 19ರಂದು ಮತಕ್ಕೆ ಮುನ್ನವೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಅದು ಕೆಲವೇ ಪುಟಗಳ ಮಧ್ಯಂತರ ಆದೇಶ. ಅದರ ಹಿಂದೆ ನಿಂತಿದ್ದುದು 1994ರ ದೊಡ್ಡ ತೀರ್ಪು.

ಮೊದಲನೆಯದು ಮುಂದಿನವರಿಗೆಲ್ಲ ದಾರಿ ತೋರಿತು, ಕೇಳಿದವರಿಗೆ ಮಾತ್ರ ಏನೂ ಕೊಡಲಿಲ್ಲ. ಎರಡನೆಯದು ಹೊಸ ತತ್ವವನ್ನೇನೂ ಹೇಳಲಿಲ್ಲ, ಆದರೆ ಹೇಳಿದ್ದು ಹೇಳಿದ ಹೊತ್ತಿಗೆ ನಡೆಯಿತು. ಹೀಗಾಗಿ ನ್ಯಾಯಾಲಯದ ಆದೇಶವೊಂದನ್ನು ಅಳೆಯುವಾಗ ಮೂರು ಪ್ರಶ್ನೆ ಕೇಳಬೇಕು. ಅದು ಏನನ್ನು, ಯಾರಿಗೆ, ಯಾವ ಗಡುವಿನೊಳಗೆ ಮಾಡಲು ಹೇಳುತ್ತದೆ? ಯಾವ ಕಾರಣಕ್ಕೆ ಹೇಳುತ್ತದೆ? ಪಾಲಿಸದಿದ್ದರೆ ಮುಂದೇನು? ನಮ್ಮ ಕಾನೂನು ಚರ್ಚೆಯೆಲ್ಲ ಎರಡನೆಯ ಪ್ರಶ್ನೆಯ ಸುತ್ತ ನಡೆಯುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಿದ ಸಾಮಾನ್ಯರ ಪಾಡು ಮಾತ್ರ ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿ ಸಿಕ್ಕಿಕೊಂಡಿದೆ.

ತೀರ್ಪು, ಡಿಕ್ರಿ, ಆದೇಶ

ಮಾತಿನಲ್ಲಿ ನಾವು ಎಲ್ಲವನ್ನೂ ‘ಕೋರ್ಟ್ ಆರ್ಡರ್’ ಎಂದುಬಿಡುತ್ತೇವೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇದನ್ನು ಮೂರಾಗಿ ಬಿಡಿಸಿಟ್ಟಿದೆ. ನ್ಯಾಯಾಧೀಶರು ಕೊಡುವ ಕಾರಣಗಳ ವಿವರಣೆ ತೀರ್ಪು. ದಾವೆಯ ವಿವಾದದಲ್ಲಿ ಪಕ್ಷಗಾರರ ಹಕ್ಕುಗಳನ್ನು ನಿರ್ಣಾಯಕವಾಗಿ ತೀರ್ಮಾನಿಸುವ ಔಪಚಾರಿಕ ಬರಹ ಡಿಕ್ರಿ. ಡಿಕ್ರಿಯಲ್ಲದ ಉಳಿದ ಔಪಚಾರಿಕ ತೀರ್ಮಾನಗಳು ಆದೇಶಗಳು. ಸಾಕ್ಷಿಗೆ ಸಮನ್ಸ್ ಕಳಿಸುವುದು, ಕಮಿಷನರ್ ನೇಮಿಸುವುದು, ತಡೆಯಾಜ್ಞೆ ಕೊಡುವುದು ಅಥವಾ ನಿರಾಕರಿಸುವುದು ಎಲ್ಲವೂ ಆದೇಶಗಳೇ.

ಈ ವಿಂಗಡಣೆ ಪಂಡಿತರ ಕಸರತ್ತಲ್ಲ. ಡಿಕ್ರಿಯ ಮೇಲೆ 96ನೇ ಕಲಮಿನಂತೆ ಮೇಲ್ಮನವಿ ಸಾಮಾನ್ಯವಾಗಿ ಹಕ್ಕಾಗಿಯೇ ಸಿಗುತ್ತದೆ. ಆದೇಶಗಳಲ್ಲಿ 104ನೇ ಕಲಮು ಮತ್ತು ಸಂಹಿತೆಯ ‘43ನೇ ಆದೇಶ’ ಎಂಬ ಅಧ್ಯಾಯದ ಪಟ್ಟಿಯಲ್ಲಿರುವುದಕ್ಕೆ ಮಾತ್ರ ಮೇಲ್ಮನವಿ ಉಂಟು. ಕೈಗೆ ಬಂದ ಕಾಗದ ಇವುಗಳಲ್ಲಿ ಯಾವುದು ಎಂದು ತಿಳಿಯದವರು ತಪ್ಪು ಬಾಗಿಲು ತಟ್ಟುತ್ತ ಗಡುವು ಕಳೆದುಕೊಳ್ಳುತ್ತಾರೆ. ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನ, ಜಿಲ್ಲಾ ನ್ಯಾಯಾಲಯದಂಥ ಇತರ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ದೃಢೀಕೃತ ನಕಲು ಪಡೆಯಲು ಬೇಕಾದ ಕಾಲವನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕುವುದು ಜಾಣತನ.

ಡಿಕ್ರಿಯಲ್ಲೂ ಎರಡು ಹಂತ ಇರಬಹುದು. ಕರ್ನಾಟಕದ ಹಳ್ಳಿಗಳಲ್ಲಿ ಅತಿ ಸಾಮಾನ್ಯವಾದ ಪಾಲು ವಿಭಾಗದ ದಾವೆಗಳಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ: ಇಂಥವರಿಗೆ ಇಷ್ಟು ಭಾಗ ಎಂಬ ಘೋಷಣೆ. ಯಾವ ಸರ್ವೆ ನಂಬರಿನ ಯಾವ ತುಂಡು ಯಾರದು ಎಂದು ಗುರುತಿಸುವುದು ಅಂತಿಮ ಡಿಕ್ರಿ. ಕಂದಾಯಕ್ಕೆ ಒಳಪಟ್ಟ ಜಮೀನನ್ನು ನೆಲದ ಮೇಲೆ ಬಿಡಿಸಿಕೊಡುವ ಕೆಲಸ 54ನೇ ಕಲಮಿನಂತೆ ಕಂದಾಯ ಅಧಿಕಾರಿಗಳ ಪಾಲಿಗೆ ಬೀಳುತ್ತದೆ. ಪ್ರಾಥಮಿಕ ಡಿಕ್ರಿ ಬಂದದ್ದೇ ಗೆದ್ದೆವೆಂದು ಊಟ ಹಾಕಿಸಿ, ಅಂತಿಮ ಡಿಕ್ರಿಗೆ ಮತ್ತೆ ಅರ್ಜಿ ಹಾಕಬೇಕೆಂಬುದು ತಿಳಿಯದೆ ವರ್ಷಗಟ್ಟಲೆ ಕೂತ ಕುಟುಂಬಗಳು ಎಷ್ಟೋ. 2022ರಲ್ಲಿ ಸುಪ್ರೀಂ ಕೋರ್ಟ್ ಈ ಗೋಳನ್ನು ಕಂಡು, ಪ್ರಾಥಮಿಕ ಡಿಕ್ರಿಯಾದ ಕೂಡಲೇ ವಿಚಾರಣಾ ನ್ಯಾಯಾಲಯಗಳು ತಾವಾಗಿಯೇ ಅಂತಿಮ ಡಿಕ್ರಿಯ ಕ್ರಮಕ್ಕೆ ದಿನ ಗೊತ್ತುಮಾಡಬೇಕು, ಬೇರೆ ಅರ್ಜಿಗೆ ಕಾಯಬಾರದು ಎಂದಿತು. ಕೇಳಲು ಸಣ್ಣ ಸೂಚನೆ. ನೆಚ್ಚಿಕೊಂಡು ನಡೆಸಿದರೆ ಒಂದು ತಲೆಮಾರಿನ ಕಾಯುವಿಕೆ ತಪ್ಪುತ್ತದೆ.

ತೀರ್ಪಿಗೆ ಕಾರಣ ಬೇಕೇ ಬೇಕು ಎಂಬುದು ಇನ್ನೊಂದು ಮೂಲ ಪಾಠ. ಪ್ರತಿ ವಿವಾದಾಂಶದ ಮೇಲೂ ನಿರ್ಣಯ ಮತ್ತು ಅದರ ಕಾರಣ ಕೊಡಬೇಕೆಂದು ಸಂಹಿತೆ ಹೇಳುತ್ತದೆ. ಸೋತವನಿಗೆ ತಾನು ಯಾಕೆ ಸೋತೆ ಎಂದು ತಿಳಿಯುವ ಹಕ್ಕಿದೆ. ಮೇಲಿನ ನ್ಯಾಯಾಲಯಕ್ಕೆ ಕೆಳಗಿನ ತಪ್ಪನ್ನು ಪರೀಕ್ಷಿಸಲು ಹಿಡಿಕೆ ಬೇಕು. ‘ಕಾರಣ ಆಮೇಲೆ ಕೊಡುತ್ತೇವೆ’ ಎಂದು ಬರೀ ಫಲಿತಾಂಶ ಓದುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 1980ರ ದಶಕದಿಂದಲೇ ಆಕ್ಷೇಪಿಸುತ್ತ ಬಂದಿದೆ.

ನಡುವಿನ ಆದೇಶದ ಬಲ ಮತ್ತು ಅಪಾಯ

ಸಿವಿಲ್ ದಾವೆಯ ನಿಜವಾದ ಕಾಳಗ ಬಹಳ ಸಲ ಮೊದಲ ವಾರದಲ್ಲೇ ಮುಗಿದುಹೋಗುತ್ತದೆ. ತಾತ್ಕಾಲಿಕ ಪ್ರತಿಬಂಧಕಾಜ್ಞೆ ಸಿಕ್ಕವನು ದಾವೆ ಎಳೆಯುತ್ತಾನೆ, ಸಿಗದವನು ರಾಜಿಗೆ ಬರುತ್ತಾನೆ. ಆದ್ದರಿಂದ ಇಲ್ಲಿ ಕಾನೂನು ಕಾವಲು ಇಟ್ಟಿದೆ. ಅರ್ಜಿದಾರನ ಕಡೆ ಮೇಲ್ನೋಟಕ್ಕೆ ಹುರುಳಿರುವ ವಿಷಯ ಇದೆಯೇ, ಆಜ್ಞೆ ಕೊಡುವುದರಿಂದ ಮತ್ತು ಕೊಡದಿರುವುದರಿಂದ ಯಾರಿಗೆ ಹೆಚ್ಚು ತೊಂದರೆ, ಕೊಡದಿದ್ದರೆ ಹಣದಿಂದ ತುಂಬಲಾಗದ ನಷ್ಟ ಆಗುತ್ತದೆಯೇ ಎಂಬ ಮೂರೂ ಅಂಶಗಳನ್ನು ನ್ಯಾಯಾಲಯ ಒಟ್ಟಿಗೆ ತೂಗಬೇಕು.

ಎದುರಾಳಿಗೆ ನೋಟಿಸು ಕೊಟ್ಟ ಮೇಲೆಯೇ ಆಜ್ಞೆ ಕೊಡಬೇಕು ಎಂಬುದು ಸಂಹಿತೆಯ 39ನೇ ಆದೇಶದ ಸಾಮಾನ್ಯ ನಿಯಮ. ನೋಟಿಸು ಹೋಗುವಷ್ಟರಲ್ಲಿ ಗೋಡೆ ಬಿದ್ದೇಹೋಗುತ್ತದೆ ಎನ್ನುವಂಥ ಸಂದರ್ಭದಲ್ಲಿ ಏಕಪಕ್ಷೀಯವಾಗಿ ಕೊಡಬಹುದು. ಆಗ ಕಾರಣ ದಾಖಲಿಸಬೇಕು. ಪಡೆದವನು ಆದೇಶ ಬಂದ ದಿನ ಅಥವಾ ಮರುದಿನದೊಳಗೆ ದಾವೆಯ ಕಾಗದಪತ್ರ ಎದುರಾಳಿಗೆ ತಲುಪಿಸಿದ್ದಕ್ಕೆ ಅಥವಾ ಕಳಿಸಿದ್ದಕ್ಕೆ ಪ್ರಮಾಣಪತ್ರ ಹಾಕಬೇಕು. ಆ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ನ್ಯಾಯಾಲಯ ಯತ್ನಿಸಬೇಕು, ಆಗದಿದ್ದರೆ ಅದಕ್ಕೂ ಕಾರಣ ಬರೆಯಬೇಕು. ರಿಟ್ ಅರ್ಜಿಗಳಲ್ಲಿ ಸಂವಿಧಾನದ 226(3)ನೇ ವಿಧಿ ಇನ್ನೂ ಬಿಗಿ. ತನ್ನನ್ನು ಕೇಳದೆ ಕೊಟ್ಟ ಮಧ್ಯಂತರ ಆದೇಶವನ್ನು ತೆರವುಗೊಳಿಸಿ ಎಂದು ಬಾಧಿತ ಕೇಳಿದರೆ ಹೈಕೋರ್ಟ್ ಎರಡು ವಾರದಲ್ಲಿ ತೀರ್ಮಾನಿಸಬೇಕು ಎನ್ನುತ್ತದೆ.

ಎದುರಾಳಿ ಇಂಥ ಆಜ್ಞೆ ತರಬಹುದೆಂಬ ಅನುಮಾನವಿದ್ದರೆ ಮುಂಚೆಯೇ ಕೇವಿಯಟ್ ಹಾಕಬಹುದು. ಅದರ ಆಯುಷ್ಯ 90 ದಿನ. ಅಷ್ಟರೊಳಗೆ ಅರ್ಜಿ ಬಂದರೆ ಕೇವಿಯಟ್ ಹಾಕಿದವನಿಗೂ ನ್ಯಾಯಾಲಯ ನೋಟಿಸು ಕಳಿಸಬೇಕು.

ತಡೆಯಾಜ್ಞೆ ಎಷ್ಟು ಕಾಲ ಬದುಕಬೇಕು? ಈ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಆರು ವರ್ಷದಲ್ಲಿ ಎರಡು ಉತ್ತರ ಕೊಟ್ಟಿತು. ವಿಚಾರಣೆಗೆ ಕೊಟ್ಟ ತಡೆಯಾಜ್ಞೆ, ಕಾರಣ ಕೊಟ್ಟು ವಿಸ್ತರಿಸದಿದ್ದರೆ, ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂದು 2018ರ ಮಾರ್ಚ್‌ನಲ್ಲಿ ಹೇಳಿತು. ಉದ್ದೇಶ ಒಳ್ಳೆಯದೇ: ತಡೆಯಾಜ್ಞೆಯ ನೆರಳಲ್ಲಿ ಮಲಗಿದ ಮೊಕದ್ದಮೆಗಳನ್ನು ಎಬ್ಬಿಸುವುದು. ಪರಿಣಾಮ ಬೇರೆಯಾಯಿತು. ತನ್ನ ತಪ್ಪಿಲ್ಲದೆ, ಬರೀ ಕೋರ್ಟಿನ ಪಟ್ಟಿಯಲ್ಲಿ ಪ್ರಕರಣ ಬಾರದ ಕಾರಣಕ್ಕೆ, ರಕ್ಷಣೆ ಕಳೆದುಕೊಳ್ಳುವ ಸ್ಥಿತಿ ಪಕ್ಷಗಾರನಿಗೆ ಬಂತು. 2024ರ ಫೆಬ್ರುವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ನಿಯಮವನ್ನು ತಳ್ಳಿಹಾಕಿತು: ಕೇಳಿ ಕೊಟ್ಟ ಆದೇಶವನ್ನು ಕೇಳದೆ ತೆಗೆಯುವುದು ನ್ಯಾಯವಲ್ಲ. ನನ್ನ ಮಟ್ಟಿಗೆ ಎರಡನೆಯ ಉತ್ತರವೇ ಸರಿ. ಆದರೆ ಮೊದಲನೆಯ ತೀರ್ಪು ಎತ್ತಿ ತೋರಿಸಿದ ರೋಗ ಹಾಗೆಯೇ ಉಳಿದಿದೆ. ತಡೆಯಾಜ್ಞೆ ಕೊಟ್ಟ ನ್ಯಾಯಾಲಯ ಅದನ್ನು ಮರಳಿ ನೋಡುವ ದಿನವನ್ನೂ ಆಗಲೇ ಬರೆದಿಡುವ ಶಿಸ್ತು ಬಾರದೆ ಇದಕ್ಕೆ ಮದ್ದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಗೆ ತಡೆ ಬಿದ್ದಂತಲ್ಲ. ತಡೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ‘ಹೈಕೋರ್ಟಲ್ಲಿ ಅಪೀಲಿದೆ’ ಎಂಬ ಒಂದೇ ಮಾತಿನಿಂದ ಗೆದ್ದವರನ್ನು ಹೆದರಿಸಿ ಕೂರಿಸುವುದು ನಮ್ಮಲ್ಲಿ ನಡೆದುಕೊಂಡು ಬಂದಿದೆ. ತಡೆಯಾಜ್ಞೆಯ ಪ್ರತಿ ತೋರಿಸಿ ಎಂದು ಕೇಳುವುದೇ ಅದಕ್ಕೆ ಉತ್ತರ.

ಸರ್ಕಾರಕ್ಕೆ ಕೊಡುವ ಆದೇಶ

ಸಂವಿಧಾನದ 32 ಮತ್ತು 226ನೇ ವಿಧಿಗಳು ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಸರ್ಷಿಯೊರರಿ, ಕೋ ವಾರಂಟೊ ಎಂಬ ಐದು ರಿಟ್‌ಗಳನ್ನು ಹೆಸರಿಸುತ್ತವೆ. ಬಂಧಿತನನ್ನು ತಂದು ನಿಲ್ಲಿಸು, ಮಾಡಬೇಕಾದ ಕೆಲಸ ಮಾಡು, ಮಿತಿ ಮೀರಬೇಡ, ತಪ್ಪಾಗಿ ಕೊಟ್ಟ ಆದೇಶ ರದ್ದು, ಈ ಹುದ್ದೆಯಲ್ಲಿ ಕೂರಲು ನಿನಗೇನು ಅಧಿಕಾರ: ಐದರ ಸಾರ ಇಷ್ಟು. ಸರ್ಕಾರದ ಮೇಲೆ ಸಾಮಾನ್ಯನಿಗಿರುವ ಅತಿ ನೇರವಾದ ಹಿಡಿತ ಇದು.

ಆದರೆ ‘ಅರ್ಜಿಯನ್ನು ಕಾನೂನಿನ ಪ್ರಕಾರ ಪರಿಗಣಿಸಿ’ ಎಂದು ಇಲಾಖೆಗೆ ಹೇಳಿ ಮುಗಿಸುವ ಆದೇಶಗಳು ಬಹಳ. ಕೇಳಿದ್ದನ್ನು ಕೊಡಿ ಎಂದು ಅದು ಹೇಳಿಲ್ಲ, ನೋಡಿ ತೀರ್ಮಾನಿಸಿ ಎಂದಷ್ಟೇ ಹೇಳಿದೆ. ಅಧಿಕಾರಿ ಪರಿಗಣಿಸಿ ತಿರಸ್ಕರಿಸಿದರೆ ಆದೇಶ ಪಾಲನೆಯಾದಂತೆಯೇ. ಗೆದ್ದೆವೆಂದು ಬಂದವರು ಮತ್ತೆ ಮೊದಲ ಮನೆಗೆ ಬಂದು ನಿಲ್ಲುತ್ತಾರೆ. ಹಾಗಾಗಿ ಆದೇಶದ ಕೊನೆಯ ಭಾಗವನ್ನು, ಅಂದರೆ ಕಾರ್ಯಕಾರಿ ಭಾಗವನ್ನು, ಮೊದಲು ಓದಬೇಕು.

ಕೆಲವು ಸಮಸ್ಯೆಗಳು ಒಂದು ಆದೇಶಕ್ಕೆ ಬಗ್ಗುವುದಿಲ್ಲ. ಬಳ್ಳಾರಿಯ ಗಣಿಗಾರಿಕೆ ಅಂಥದು. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಗೇ ಬಿಡಲಿಲ್ಲ. ಕೇಂದ್ರ ಉನ್ನತಾಧಿಕಾರ ಸಮಿತಿಯಿಂದ ಗುತ್ತಿಗೆಗಳ ಗಡಿ ಅಳೆಸಿತು, ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿತು, ಅದಿರು ಮಾರಾಟವನ್ನು ಇ-ಹರಾಜಿಗೆ ತಂದಿತು, ಗುಡ್ಡಗಳ ಪುನಶ್ಚೇತನಕ್ಕೆ ಯೋಜನೆ ಕೇಳಿತು, ವಾರ್ಷಿಕ ಉತ್ಪಾದನೆಗೆ ಮಿತಿ ಹಾಕಿತು. 2013ರ ಏಪ್ರಿಲ್ 18ರಂದು ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಪ್ರಕರಣವನ್ನು ಮುಚ್ಚದೆ, ಆದೇಶದ ಮೇಲೆ ಆದೇಶ ಕೊಡುತ್ತ, ವರದಿ ತರಿಸಿಕೊಳ್ಳುತ್ತ ಹೋಗುವ ಈ ವಿಧಾನಕ್ಕೆ ಮುಂದುವರಿಯುವ ಮ್ಯಾಂಡಮಸ್ ಎನ್ನುತ್ತಾರೆ. ಆಡಳಿತ ನಡೆಸುವುದು ನ್ಯಾಯಾಲಯದ ಕೆಲಸವೇ ಎಂಬ ಆಕ್ಷೇಪದಲ್ಲಿ ತೂಕವಿದೆ. ಆದರೂ ಬಳ್ಳಾರಿಯಲ್ಲಿ ಆಡಳಿತವೇ ಕೈಚೆಲ್ಲಿದಾಗ ಆದೇಶವೊಂದು ನೆಲದ ಮೇಲೆ ಕೆಲಸ ಮಾಡಿದ್ದು ಹೀಗೆ ಬೆನ್ನು ಹತ್ತಿದ್ದರಿಂದಲೇ.

ಕಾನೂನೇ ಇಲ್ಲದ ಕಡೆ ಆದೇಶ ಕಾನೂನಿನ ಜಾಗ ತುಂಬಿದ್ದೂ ಉಂಟು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯಲು 1997ರ ಆಗಸ್ಟ್ 13ರಂದು ಕೊಟ್ಟ ವಿಶಾಖಾ ತೀರ್ಪಿನ ಮಾರ್ಗಸೂಚಿಗಳು, ಸಂಸತ್ತು 2013ರಲ್ಲಿ ಕಾಯ್ದೆ ಮಾಡುವವರೆಗೆ, ದೇಶದ ಎಲ್ಲ ಸಂಸ್ಥೆಗಳನ್ನೂ ಕಟ್ಟಿಹಾಕಿದ್ದವು. ಸುಪ್ರೀಂ ಕೋರ್ಟ್ ಸಾರಿದ ಕಾನೂನು ಎಲ್ಲ ನ್ಯಾಯಾಲಯಗಳಿಗೂ ಬದ್ಧ ಎನ್ನುವ 141ನೇ ವಿಧಿ, ಸಂಪೂರ್ಣ ನ್ಯಾಯಕ್ಕೆ ಬೇಕಾದ ಆದೇಶ ಕೊಡಬಹುದು ಎನ್ನುವ 142ನೇ ವಿಧಿ, ಎಲ್ಲ ಅಧಿಕಾರಿಗಳೂ ಆ ನ್ಯಾಯಾಲಯಕ್ಕೆ ನೆರವಾಗಿ ನಡೆಯಬೇಕು ಎನ್ನುವ 144ನೇ ವಿಧಿ ಇದರ ಬುನಾದಿ.

ಸದನವೂ ಮೀರಲಾಗದ್ದು

ಜನಾದೇಶ ಪಡೆದ ಸರ್ಕಾರಕ್ಕೆ ನ್ಯಾಯಾಲಯದ ಆದೇಶ ಒಪ್ಪಿಗೆಯಾಗದಿದ್ದರೆ? ಇದನ್ನು ಕಾವೇರಿಯಷ್ಟು ಕಠಿಣವಾಗಿ ಕನ್ನಡಿಗರಿಗೆ ಕಲಿಸಿದ್ದು ಬೇರೊಂದಿಲ್ಲ.

1990ರ ಜೂನ್ 2ರಂದು ರಚನೆಯಾದ ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ಮಧ್ಯಂತರ ಆದೇಶ ಕೊಟ್ಟು, ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರು ಜಲಾಶಯ ತಲುಪುವಂತೆ ಬಿಡಬೇಕೆಂದಿತು. ಎಸ್. ಬಂಗಾರಪ್ಪ ನೇತೃತ್ವದ ಸರ್ಕಾರ ಜುಲೈನಲ್ಲಿ ಸುಗ್ರೀವಾಜ್ಞೆ ತಂದು ಆ ಆದೇಶವನ್ನು ನಿಷ್ಫಲಗೊಳಿಸಲು ಹೊರಟಿತು. ವಿಷಯ ರಾಷ್ಟ್ರಪತಿಗಳ ಮೂಲಕ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಹೋಯಿತು. ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದು ನವೆಂಬರ್ 22ರಂದು ಉತ್ತರ ಬಂತು. ಶಾಸಕಾಂಗ ತನ್ನದೇ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಲು ಬಾರದು ಎಂಬುದು ಅದರ ಸಾರ. ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದಾಗ ರಾಜ್ಯದಲ್ಲಿ ಹಿಂಸೆ ನಡೆಯಿತು. 2016ರ ಸೆಪ್ಟೆಂಬರಿನಲ್ಲೂ ಹಾಗೆಯೇ: 5ರಂದು ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಲು ಸುಪ್ರೀಂ ಕೋರ್ಟ್ ಆದೇಶ, 12ರಂದು ಅದು 12,000ಕ್ಕೆ ಇಳಿಕೆ, ಅದೇ ದಿನ ಬೆಂಗಳೂರಿನಲ್ಲಿ ಗಲಭೆ, 23ರಂದು ಜಲಾಶಯದ ನೀರು ಕುಡಿಯಲು ಮಾತ್ರ ಎಂದು ವಿಧಾನಮಂಡಲದ ನಿರ್ಣಯ.

ಕೊನೆಗೆ ರಾಜ್ಯಕ್ಕೆ ಫಲ ಕೊಟ್ಟದ್ದು ಯಾವುದು? ನ್ಯಾಯಮಂಡಳಿಯ 2007ರ ಅಂತಿಮ ತೀರ್ಪಿನ ವಿರುದ್ಧ ದಾಖಲೆ ಇಟ್ಟು ನಡೆಸಿದ ಮೇಲ್ಮನವಿ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಹೆಚ್ಚಿಸಿದ್ದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡಬೇಕಾದ ನೀರು 177.25 ಟಿಎಂಸಿಗೆ ಇಳಿಯಿತು. ಬೀದಿಯ ಬೆಂಕಿಯಿಂದ ಒಂದು ಹನಿಯೂ ಹೆಚ್ಚು ಬರಲಿಲ್ಲ.

ಶಾಸಕಾಂಗಕ್ಕೆ ದಾರಿಯೇ ಇಲ್ಲವೆಂದಲ್ಲ. ಆದೇಶವನ್ನು ನೇರವಾಗಿ ಅಳಿಸುವಂತಿಲ್ಲ. ಅದು ನಿಂತ ನೆಲೆಯನ್ನು ಬದಲಿಸಬಹುದು. ಬಡ್ತಿಯಲ್ಲಿ ಮೀಸಲಾತಿ ಪಡೆದವರ ಜ್ಯೇಷ್ಠತೆಗೆ ಸಂಬಂಧಿಸಿದ ಕರ್ನಾಟಕದ 2002ರ ಕಾಯ್ದೆಯ ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ಅಸಿಂಧುಗೊಳಿಸಿತು. ಬೇಕಾದ ಅಂಕಿಅಂಶದ ಅಧ್ಯಯನ ನಡೆದಿಲ್ಲ ಎಂಬುದು ಕಾರಣ. ರಾಜ್ಯ ಸರ್ಕಾರ ರತ್ನಪ್ರಭಾ ಸಮಿತಿಯಿಂದ ಅಧ್ಯಯನ ಮಾಡಿಸಿ, ಅದರ ಆಧಾರದ ಮೇಲೆ ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1991ರ ಸುಗ್ರೀವಾಜ್ಞೆ ಆದೇಶದ ಜೊತೆ ಕುಸ್ತಿಗೆ ಇಳಿಯಿತು. ಹೊಸ ಕಾಯ್ದೆ ಆದೇಶ ತೋರಿಸಿದ ಕೊರತೆಯನ್ನು ತುಂಬಿತು. ವ್ಯತ್ಯಾಸ ಅಲ್ಲಿದೆ.

ಖಾಸಗಿ ವ್ಯಕ್ತಿಗೂ ಇದೇ ನಿಯಮ. ಆದೇಶ ತಪ್ಪೆಂದು ತೋರಿದರೂ, ಮೇಲಿನ ನ್ಯಾಯಾಲಯ ಅದನ್ನು ತೆಗೆಯುವವರೆಗೆ ಪಾಲಿಸಬೇಕು. ತನಗೆ ತಾನೇ ಅಪೀಲು ಕೋರ್ಟಾಗುವ ಅಧಿಕಾರ ಯಾರಿಗೂ ಇಲ್ಲ.

ಜಾರಿ ಎಂಬ ಎರಡನೆಯ ದಾವೆ

ಭಾರತದಲ್ಲಿ ದಾವೆದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲಿ, ದರ್ಭಂಗಾದಿಂದ ಬಂದ ಒಂದು ಪ್ರಕರಣದಲ್ಲಿ ಹೇಳಿತ್ತು. ಒಂದೂವರೆ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು ಎಂದು ದೇಶದ ಎಲ್ಲ ನ್ಯಾಯಾಲಯಗಳಿಗೆ ಸೂಚಿಸಿತು. 2025ರಲ್ಲಿ ಹೈಕೋರ್ಟ್‌ಗಳಿಂದ ಲೆಕ್ಕ ತರಿಸಿಕೊಂಡಾಗ ದೇಶದಲ್ಲಿ ಸುಮಾರು 8.82 ಲಕ್ಷ ಜಾರಿ ಅರ್ಜಿಗಳು ಬಾಕಿ ಇರುವುದು ಹೊರಬಿತ್ತು. ಇವೆಲ್ಲ ವಾದ ಮುಗಿದು, ಗೆದ್ದು, ಗೆದ್ದದ್ದು ಕೈಗೆ ಬಾರದವರ ಅರ್ಜಿಗಳು.

ವಿಳಂಬದ ಕಾರಣಗಳು ಕೋರ್ಟಿನ ಆವರಣದಲ್ಲಿ ಎಲ್ಲರಿಗೂ ಗೊತ್ತು. ಮೊದಲನೆಯದು ಷೆಡ್ಯೂಲು, ಅಂದರೆ ಆಸ್ತಿಯ ವಿವರ. ದಾವಾ ಅರ್ಜಿಯಲ್ಲಿ ಸರ್ವೆ ನಂಬರೋ ಚೆಕ್ಕುಬಂದಿಯೋ ತಪ್ಪಾದರೆ ಆ ತಪ್ಪು ಡಿಕ್ರಿಗೂ ಇಳಿಯುತ್ತದೆ. ಕಬ್ಜೆ ಕೊಡಿಸಲು ಹೋದ ಅಮೀನ ಯಾವ ಜಮೀನೆಂದು ತಿಳಿಯದೆ ವಾಪಸಾಗುತ್ತಾನೆ. ಬರಹದ ತಪ್ಪನ್ನು 152ನೇ ಕಲಮಿನಂತೆ ತಿದ್ದಿಸಬಹುದು, ಆದರೆ ಅದಕ್ಕೂ ಅರ್ಜಿ, ನೋಟಿಸು, ತಕರಾರು ಎಂದು ತಿಂಗಳುಗಳು ಹೋಗುತ್ತವೆ. ಎರಡನೆಯದು ಮೂರನೆಯವರು. ಸೋತವನ ಹೆಂಡತಿಯೋ ತಮ್ಮನೋ ಖರೀದಿದಾರನೋ ‘ಈ ಆಸ್ತಿ ನನ್ನದು’ ಎಂದು ಜಾರಿಯ ದಿನ ಎದುರು ನಿಂತರೆ, 21ನೇ ಆದೇಶದ 97ನೇ ನಿಯಮದಿಂದ ಮುಂದಕ್ಕೆ ಅದು ಹೊಸ ವಿಚಾರಣೆಯಾಗಿ ಬೆಳೆಯುತ್ತದೆ. ಮೂರನೆಯದು ಪೊಲೀಸ್ ನೆರವು, ಸರ್ವೆಯರ್, ತಹಶೀಲ್ದಾರ್ ಕಚೇರಿಗಳ ನಡುವೆ ಕಡತ ಓಡಾಡುವ ಕಾಲ. ಪಹಣಿಯಲ್ಲಿ ಹೆಸರು ಬದಲಾಗದೆ ಹಳ್ಳಿಯಲ್ಲಿ ಡಿಕ್ರಿಗೆ ಬೆಲೆಯಿಲ್ಲ. ಬ್ಯಾಂಕು ಸಾಲ ಕೊಡದು, ಪರಿಹಾರ ಬಾರದು.

ಗಡುವುಗಳೂ ಎಲ್ಲರಿಗೂ ತಿಳಿದಿರಬೇಕು. ಸಾಮಾನ್ಯ ಡಿಕ್ರಿಯ ಜಾರಿಗೆ 12 ವರ್ಷ. ಕಟ್ಟಿದ್ದನ್ನು ತೆಗೆ ಎಂಬಂಥ ಆಜ್ಞಾಪಕ ಪ್ರತಿಬಂಧಕಾಜ್ಞೆಗೆ ಮೂರೇ ವರ್ಷ. ಶಾಶ್ವತ ಪ್ರತಿಬಂಧಕಾಜ್ಞೆಗೆ ಗಡುವಿಲ್ಲ.

ಜಾರಿ ಎಂದರೆ ಸೋತವನನ್ನು ಬೀದಿಗೆ ತಳ್ಳುವುದಲ್ಲ ಎಂಬ ಎಚ್ಚರವೂ ಕಾನೂನಿಗಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಸಲಕರಣೆ, ಬೇಸಾಯಕ್ಕೆ ಬೇಕಾದ ಉಪಕರಣ, ದನ, ಬಿತ್ತನೆ ಬೀಜ ಇವನ್ನು 60ನೇ ಕಲಮಿನಂತೆ ಜಪ್ತಿ ಮಾಡುವಂತಿಲ್ಲ. ಸಾಲದ ಡಿಕ್ರಿ ತೀರಿಸಲಾಗದ ಬಡವನನ್ನು, ಅವನಲ್ಲಿ ವಂಚನೆ ಇಲ್ಲದಿದ್ದಾಗ, ಜೈಲಿಗೆ ಕಳಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲಿ ಬರೆದರು. ಕೊಡಲಾರದವನನ್ನೂ ಕೊಡಲೊಲ್ಲದವನನ್ನೂ ಬೇರೆ ಮಾಡಿ ನೋಡುವ ಈ ವಿವೇಕ ಜಾರಿ ಕಾನೂನಿನ ಜೀವಾಳ.

ಹೊತ್ತಿಗೆ ಬಾರದಿದ್ದರೆ ಹಾನಿ ಅತಿ ಹೆಚ್ಚು ಆಗುವುದು ಜೀವನಾಂಶ ಮತ್ತು ಜಾಮೀನಿನ ಆದೇಶಗಳಲ್ಲಿ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣಾದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸಜೆಯಾಗಬಹುದು. ಜಾಮೀನು ಸಿಕ್ಕರೂ ಆದೇಶದ ಪ್ರತಿ ಜೈಲು ತಲುಪದೆ ಜನ ಒಳಗೇ ಉಳಿಯುವುದನ್ನು ಕಂಡು, 2022ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಫಾಸ್ಟರ್ ಎಂಬ ವಿದ್ಯುನ್ಮಾನ ವ್ಯವಸ್ಥೆ ಆರಂಭಿಸಿತು. 2023ರ ಜನವರಿ 31ರ ಆದೇಶದಂತೆ ಜಾಮೀನಿನ ಪ್ರತಿ ಅದೇ ದಿನ ಅಥವಾ ಮರುದಿನ ಜೈಲಿಗೆ ಇ-ಮೇಲ್ ಆಗಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಆದೇಶ ಬರೆದರೆ ಸಾಲದು, ಅದು ಹೋಗಿ ಮುಟ್ಟಬೇಕು ಎಂಬುದನ್ನು ನ್ಯಾಯಾಲಯವೇ ಒಪ್ಪಿ ದಾರಿ ಮಾಡಿದ ಉದಾಹರಣೆ ಇದು.

ಪಾಲಿಸದಿದ್ದರೆ

ತಾತ್ಕಾಲಿಕ ಪ್ರತಿಬಂಧಕಾಜ್ಞೆ ಮುರಿದವನ ಆಸ್ತಿ ಜಪ್ತಿಯಾಗಬಹುದು, ಅವನಿಗೆ ಮೂರು ತಿಂಗಳವರೆಗೆ ಸಿವಿಲ್ ಸೆರೆಯಾಗಬಹುದು. ಬೇಕೆಂದೇ ಆದೇಶ ಮೀರುವುದು 1971ರ ನ್ಯಾಯಾಲಯ ನಿಂದನೆ ಕಾಯ್ದೆಯಂತೆ ಸಿವಿಲ್ ನಿಂದನೆ. ಶಿಕ್ಷೆ ಆರು ತಿಂಗಳವರೆಗಿನ ಸಾದಾ ಸಜೆ, 2,000 ರೂಪಾಯಿವರೆಗಿನ ದಂಡ ಅಥವಾ ಎರಡೂ. 1995ರಲ್ಲಿ ಕರ್ನಾಟಕ ಸರ್ಕಾರದ ಕಾರ್ಯದರ್ಶಿ ದರ್ಜೆಯ ಐಎಎಸ್ ಅಧಿಕಾರಿಯೊಬ್ಬರಿಗೆ, ನೌಕರನೊಬ್ಬನ ಪರ ಬಂದ ಆದೇಶವನ್ನು ಪಾಲಿಸದ ಕಾರಣಕ್ಕೆ, ಸುಪ್ರೀಂ ಕೋರ್ಟ್ ಒಂದು ತಿಂಗಳ ಸಜೆ ವಿಧಿಸಿತ್ತು.

ಆದರೆ ನಿಂದನೆ ಅರ್ಜಿ ಜಾರಿ ಅರ್ಜಿಗೆ ಬದಲಿಯಲ್ಲ. ಅದು ನ್ಯಾಯಾಲಯಕ್ಕೂ ಮೀರಿದವನಿಗೂ ನಡುವಿನ ವಿಷಯ. ಅರ್ಜಿದಾರ ಸುದ್ದಿ ಮುಟ್ಟಿಸಿದವನಷ್ಟೇ. ಉದ್ದೇಶಪೂರ್ವಕ ಎಂಬುದು ಸಾಬೀತಾಗಬೇಕು, ಒಂದು ವರ್ಷದೊಳಗೆ ಕ್ರಮ ಶುರುವಾಗಬೇಕು, ಮನಃಪೂರ್ವಕ ಕ್ಷಮೆ ಕೇಳಿದರೆ ಬಿಡುಗಡೆಯೂ ಉಂಟು. ನಿಂದನೆ ನೋಟಿಸು ಬಂದ ಮೇಲೆಯೇ ಕಡತ ಕದಲುವುದು ಸರ್ಕಾರಿ ಕಚೇರಿಗಳಲ್ಲಿ ರೂಢಿಯಾಗಿದೆ. ಮೊದಲ ಆದೇಶಕ್ಕೆ ಬೆಲೆಯಿಲ್ಲ, ಎರಡನೆಯದಕ್ಕೆ ಮಾತ್ರ ಹೆದರಿಕೆ ಎಂಬ ಈ ನಡವಳಿಕೆ ನ್ಯಾಯಾಲಯದ ಕಾಲವನ್ನೂ ಬಡವನ ಹಣವನ್ನೂ ತಿನ್ನುತ್ತಿದೆ. ಇದನ್ನು ಸರ್ಕಾರವೇ ನಾಚಿಕೆಯಿಂದ ಸರಿಪಡಿಸಿಕೊಳ್ಳಬೇಕು.

ಓದಲು ಬರುವ ಆದೇಶ

ಪಾಲಿಸಬೇಕಾದವನಿಗೆ ಆದೇಶ ಅರ್ಥವಾಗಬೇಕು. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳ ಭಾಷೆ ಇಂಗ್ಲಿಷ್. ಅಧೀನ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಮಾಡುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಮಿನಂತೆ ರಾಜ್ಯ ಸರ್ಕಾರದ್ದು. ಕನ್ನಡಕ್ಕೆ ಅಲ್ಲಿ ಅಡ್ಡಿಯಿಲ್ಲ. 2019ರಿಂದ ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳ ಕನ್ನಡ ಅನುವಾದ ಅದರ ಜಾಲತಾಣದಲ್ಲಿ ಸಿಗುತ್ತಿದೆ. 2024ರ ಡಿಸೆಂಬರ್ 12ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ತೀರ್ಪೊಂದನ್ನು ಕನ್ನಡದಲ್ಲಿ ಪ್ರಕಟಿಸಿತು. ಸಂತೋಷದ ಸಂಗತಿ. ಆದರೂ ರೈತನಿಗೆ ನಿತ್ಯ ಬೇಕಾದದ್ದು ತಾಲ್ಲೂಕು ಕೋರ್ಟಿನ ಡಿಕ್ರಿ ಅವನು ಓದಿ ಅರ್ಥಮಾಡಿಕೊಳ್ಳುವ ಕನ್ನಡದಲ್ಲಿ ಸಿಗುವುದು. ಅಲ್ಲಿಯವರೆಗೆ ಕನಿಷ್ಠ ಕಾರ್ಯಕಾರಿ ಭಾಗವನ್ನಾದರೂ ಕನ್ನಡದಲ್ಲಿ ಲಗತ್ತಿಸಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಇಡೀ ಚಿತ್ರವನ್ನು ನೋಡಿದರೆ ನನ್ನ ತೀರ್ಮಾನ ಇದು. ನಮ್ಮ ನ್ಯಾಯಾಲಯಗಳಿಗೆ ಆದೇಶ ಕೊಡುವ ಅಧಿಕಾರದ ಕೊರತೆಯಿಲ್ಲ. ಸಂವಿಧಾನವೂ ಸಂಹಿತೆಯೂ ಅದನ್ನು ಧಾರಾಳವಾಗಿ ಕೊಟ್ಟಿವೆ. ಜಾರಿಯನ್ನು ಅಮೀನನ ಕೆಲಸವೆಂದು ಕಡೆಗಣಿಸಿ, ನ್ಯಾಯದಾನ ತೀರ್ಪಿನ ದಿನ ಮುಗಿಯಿತೆಂದು ತಿಳಿದದ್ದೇ ನಮ್ಮ ದೊಡ್ಡ ಲೋಪ. ಯಾರು, ಏನು, ಯಾವ ದಿನದೊಳಗೆ ಎಂಬುದನ್ನು ಪ್ರತಿ ಆದೇಶವೂ ಬಿಡಿಸಿ ಹೇಳಲಿ. ಜಾರಿ ಅರ್ಜಿಗಳಿಗೆ ಪ್ರತಿ ಜಿಲ್ಲೆಯಲ್ಲೂ ಅದೇ ಕೆಲಸದ ನ್ಯಾಯಾಧೀಶರು ಮತ್ತು ಸಾಕಷ್ಟು ಸಿಬ್ಬಂದಿ ಇರಲಿ. ಸರ್ಕಾರದ ಪ್ರತಿ ಇಲಾಖೆ ತನ್ನ ಮೇಲೆ ಬಂದ ಆದೇಶಗಳಲ್ಲಿ ಎಷ್ಟು ಪಾಲಿಸಿದೆ ಎಂದು ವರ್ಷಕ್ಕೊಮ್ಮೆ ಪ್ರಕಟಿಸಲಿ.

ಓದುಗರಿಗೂ ಒಂದು ಮಾತು. ನಿಮ್ಮ ಪ್ರಕರಣದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ದಿನಾಂಕವನ್ನೂ ಪ್ರಕಟವಾದ ಆದೇಶಗಳನ್ನೂ ನೀವೇ ನೋಡಬಹುದು. ಷೆಡ್ಯೂಲನ್ನು ಪಹಣಿಯ ಪಕ್ಕ ಇಟ್ಟು ತಾಳೆ ನೋಡಿ. ವಕೀಲರ ಶುಲ್ಕ ಕೊಡಲಾಗದ ಬಡವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ತೀರ್ಪು ನಿಮ್ಮ ಪರ ಬಂದ ದಿನ ಸಿಹಿ ಹಂಚಿ, ಮರುದಿನವೇ ಜಾರಿಯ ಕೆಲಸ ಶುರುಮಾಡಿ.